ಹಳೇ ಡೀಸೆಲ್ ಪಿಕಪ್‌ಗೆ ಯಾವ ಗೇರ್‌ಬಾಕ್ಸ್: ಇರುವುದನ್ನೇ ಬಿಚ್ಚಿಸುವುದಾ, ಗುಜರಿಯದ್ದಾ, ಐದು ಗೇರಿನದ್ದಾ?

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಉತ್ತರ ಕನ್ನಡದ ಶಿರಸಿ, ಕುಮಟಾ, ಅಂಕೋಲಾ ಕಡೆಯ ಗ್ಯಾರೇಜುಗಳಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಗಾಡಿ ಹಳೆಯದು, ಎಂಜಿನ್ ಇನ್ನೂ ಗಟ್ಟಿ ಇದೆ, ಗೇರ್‌ಬಾಕ್ಸ್ ಮಾತ್ರ ಕೈ ಕೊಟ್ಟಿದೆ. ಬಿಚ್ಚಿಸಿ ರಿಪೇರಿ ಮಾಡಿಸುವುದಾ? ಹುಬ್ಬಳ್ಳಿ ಗುಜರಿಯಿಂದ ಅಂಥದ್ದೇ ಇನ್ನೊಂದು ತರುವುದಾ? ಅಥವಾ ಹೇಗೂ ಬಾಕ್ಸ್ ಇಳಿಸುತ್ತೇವಲ್ಲ, ಐದು ಗೇರಿನದ್ದನ್ನೇ ಕೂರಿಸಿಬಿಡುವುದಾ? ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತೇನೆ.

ಇಲ್ಲಿ ಹೇಳುವುದು ಹೆಚ್ಚಾಗಿ ಹಳೆಯ ಮಹೀಂದ್ರಾ ಜೀಪ್ ಮಾದರಿಯ ಪಿಕಪ್, ಯುಟಿಲಿಟಿ ಇಂಥವುಗಳ ಬಗ್ಗೆ. ನಾಲ್ಕು ಗೇರಿನ ಗಾಡಿಗಳು. ಟಾಟಾ 207 ಇರುವವರಿಗೆ ಐದು ಗೇರ್ ಕಂಪನಿಯಿಂದಲೇ ಬಂದಿದೆ, ಅವರು ಐದು ಗೇರಿನ ಭಾಗ ಬಿಟ್ಟು ಉಳಿದದ್ದು ಓದಿದರೆ ಸಾಕು. ಅಮೆರಿಕದಲ್ಲಿ ಹಳೆಯ ಡೀಸೆಲ್ ಪಿಕಪ್‌ಗಳಿಂದ ಆಟೋಮ್ಯಾಟಿಕ್ ಬಾಕ್ಸ್ ಕಿತ್ತು ಮ್ಯಾನುವಲ್ ಹಾಕುವವರಿದ್ದಾರೆ. ಕ್ಲಚ್ ಪೆಡಲ್ ಕೂಡ ಹೊಸದಾಗಿ ಕೂರಿಸಬೇಕಾದ ದೊಡ್ಡ ಕೆಲಸ ಅದು. ನಮ್ಮ ಹಳೇ ಪಿಕಪ್‌ಗಳೆಲ್ಲ ಹುಟ್ಟಿನಿಂದಲೇ ಮ್ಯಾನುವಲ್. ಹಾಗಾಗಿ ನಮ್ಮ ತಲೆನೋವು ಅರ್ಧ ಕಡಿಮೆ. ಉಳಿದ ಅರ್ಧ ಮಾತ್ರ ಹಾಗೇ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸ್ ಆರಿಸುವ ಮೊದಲು ದಾರಿ ನೋಡಬೇಕು. ನಿಮ್ಮ ಗಾಡಿ ತೋಟದಿಂದ ಪೇಟೆಗೆ, ಪೇಟೆಯಿಂದ ಘಟ್ಟಕ್ಕೆ ಓಡುವುದಾದರೆ ಐದನೇ ಗೇರಿಗೆ ಕೊಟ್ಟ ದುಡ್ಡು ದಂಡ. ದಿನಾ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವುದಾದರೆ ಮಾತ್ರ ಅದು ಕೊಟ್ಟದ್ದನ್ನು ವಾಪಸ್ ಕೊಡುತ್ತದೆ.

ಮೊದಲು ಕಾಯಿಲೆ ಯಾವುದು ನೋಡಿ

ಬಾಕ್ಸ್ ಹೋಯಿತು ಅಂತ ಬರುವ ಗಾಡಿಗಳಲ್ಲಿ ಕೆಲವಕ್ಕೆ ಬಾಕ್ಸಿನದು ಏನೂ ತಪ್ಪಿರುವುದಿಲ್ಲ. ಆದ್ದರಿಂದ ಇಳಿಸುವ ಮೊದಲು ಸ್ವಲ್ಪ ಕಿವಿ ಕೊಡಿ.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ. ಗೊರ ಗೊರ ಸದ್ದು ಇದ್ದರೆ ಕ್ಲಚ್ ತುಳಿಯಿರಿ. ತುಳಿದಾಗ ಸದ್ದು ನಿಂತರೆ ಬಾಕ್ಸ್ ಒಳಗಿನ ಬೇರಿಂಗ್, ಹೆಚ್ಚಾಗಿ ಇನ್‌ಪುಟ್ ಶಾಫ್ಟಿನದು (ಎಂಜಿನ್ನಿನ ಬಲ ಬಾಕ್ಸಿಗೆ ತರುವ ಶಾಫ್ಟ್) ಅಥವಾ ಕೌಂಟರ್ ಶಾಫ್ಟಿನದು (ಅಲ್ಲಿಂದ ಗೇರುಗಳಿಗೆ ಬಲ ದಾಟಿಸುವ ಶಾಫ್ಟ್). ತುಳಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ನೋಡಿಸಿ, ಅದು ಕ್ಲಚ್ಚಿನ ಲೆಕ್ಕ. ಇನ್ನೊಂದು ಪರೀಕ್ಷೆ ಓಡಿಸುತ್ತಲೇ ಮಾಡಬಹುದು. ಒಂದು, ಎರಡು, ಮೂರರಲ್ಲಿ ಊಳಿಡುವ ಬಾಕ್ಸ್ ನಾಲ್ಕಕ್ಕೆ ಹಾಕಿದ ಕೂಡಲೇ ತಣ್ಣಗಾದರೆ ಕೌಂಟರ್ ಶಾಫ್ಟ್ ಕಡೆಯ ಹಲ್ಲು ಅಥವಾ ಬೇರಿಂಗ್ ಸವೆದಿದೆ ಎಂದರ್ಥ. ನಾಲ್ಕನೇ ಗೇರ್ ಈ ಬಾಕ್ಸ್‌ಗಳಲ್ಲಿ ಡೈರೆಕ್ಟ್. ಎಂಜಿನ್ನಿನ ಬಲ ನೇರವಾಗಿ ಹಿಂದಕ್ಕೆ ಹೊರಡುವ ಮೇನ್ ಶಾಫ್ಟಿಗೆ ಹೋಗುತ್ತದೆ, ಕೌಂಟರ್ ಶಾಫ್ಟ್ ಸುಮ್ನೆ ತಿರುಗುತ್ತಿರುತ್ತದೆ, ಅದರ ಮೇಲೆ ಭಾರ ಬೀಳುವುದಿಲ್ಲ.

ರಿವರ್ಸ್ ಹಾಕುವಾಗ ಕರಕರ ಅಂದರೆ ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯಾ ನೋಡಿ. ಇದಕ್ಕೆ ಬಾಕ್ಸ್ ಬಿಚ್ಚಿಸಿದರೆ ಬಿಲ್ ಬರುತ್ತದೆ, ಸದ್ದು ಹೋಗುವುದಿಲ್ಲ. ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕರ್ ಅಂದರೆ ಎರಡನೇ ಗೇರಿನ ಸಿಂಕ್ರೋ ರಿಂಗ್ (ಗೇರ್ ಹಾಕುವಾಗ ವೇಗ ಹೊಂದಿಸುವ ಉಂಗುರ) ತೇದಿದೆ. ಘಟ್ಟದ ಗಾಡಿಗಳಲ್ಲಿ ಮೊದಲು ಹೋಗುವುದೇ ಅದು, ಯಾಕೆಂದರೆ ಪ್ರತಿ ತಿರುವಿಗೂ ಅದಕ್ಕೇ ಕೆಲಸ.

ಎಲ್ಲಕ್ಕಿಂತ ಕೆಟ್ಟದ್ದು ಗೇರ್ ಹಾರುವುದು. ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ತಡೆ ಹಿಡಿದಿರುತ್ತದೆ, ಇದ್ದಕ್ಕಿದ್ದಂತೆ ಲಿವರ್ ನ್ಯೂಟ್ರಲ್‌ಗೆ ಜಿಗಿಯುತ್ತದೆ, ಹಿಂದೆ ಪೂರ್ತಿ ಲೋಡು, ಮುಂದೆ ತಿರುವು. ಎಡಗೈಯಲ್ಲಿ ಲಿವರ್ ಒತ್ತಿ ಹಿಡಿದುಕೊಂಡೇ ವರ್ಷಗಟ್ಟಲೆ ಓಡಿಸುವವರನ್ನು ನೋಡಿದ್ದೇನೆ. ಅದು ಬೇಡ. ಹಾಗೆ ಒತ್ತಿ ಹಿಡಿದರೆ ಒಳಗಿನ ಶಿಫ್ಟ್ ಫೋರ್ಕ್ (ಲಿವರ್ ಆಡಿಸಿದಾಗ ಗೇರ್ ಸರಿಸುವ ಕವೆ) ಇನ್ನಷ್ಟು ಬೇಗ ತೇಯುತ್ತದೆ. ಕಾರಣ ಫೋರ್ಕ್ ಇರಬಹುದು, ಗೇರಿನ ಪಕ್ಕದ ಸಣ್ಣ ಹಲ್ಲುಗಳು ದುಂಡಗಾಗಿರಬಹುದು, ಲಾಕ್ ಸ್ಪ್ರಿಂಗ್ ಸೋತಿರಬಹುದು. ಕೆಲವೊಮ್ಮೆ ಬರೀ ಮೌಂಟಿಂಗ್ ರಬ್ಬರ್ ಹರಿದು ಬಾಕ್ಸೇ ಓಲಾಡುತ್ತಿರುತ್ತದೆ. ರಬ್ಬರ್ ಅಗ್ಗ, ಅದನ್ನು ಮೊದಲು ನೋಡಿ.

ಕೊನೆಗೆ ಎಣ್ಣೆ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಹೊಕ್ಕಿದೆ. ಹೊಳೆ, ಹಳ್ಳ ದಾಟಿಸುವ ಗಾಡಿಗಳಲ್ಲಿ ಇದು ಸಾಮಾನ್ಯ. ಹಿತ್ತಾಳೆಯ ಹೊಳಪು ಪುಡಿ ಇದ್ದರೆ ಸಿಂಕ್ರೋ ರಿಂಗ್. ಉಕ್ಕಿನ ಚೂರು ಕೈಗೆ ಸಿಕ್ಕಿದರೆ ಹಲ್ಲೇ ಮುರಿದಿದೆ, ಇನ್ನು ಓಡಿಸಬೇಡಿ.

ಯಾವ ಅಳತೆಗೋಲಿನಲ್ಲಿ ತೂಗಬೇಕು

ನಾನು ನೋಡುವುದು ಇಷ್ಟು: ದಾರಿ ಎಂಥದ್ದು, ಲೋಡು ಎಷ್ಟು, ಗಾಡಿ ಎಷ್ಟು ದಿನ ನಿಂತರೆ ತಡೆಯುತ್ತದೆ, ಸಾಮಾನು ಹತ್ತಿರದಲ್ಲಿ ಸಿಗುತ್ತದೆಯಾ, ಮತ್ತು ಗಾಡಿಯನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ. ದುಡ್ಡು ಇದರಲ್ಲಿ ಇಲ್ಲವಾ ಅಂತ ಕೇಳಬೇಡಿ, ಈ ಐದಕ್ಕೂ ಉತ್ತರ ಬಂದರೆ ದುಡ್ಡಿನ ಲೆಕ್ಕ ತಾನಾಗಿ ಬರುತ್ತದೆ.

ದಾರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಹೆಚ್ಚು ಎಡವುವುದು ಇಲ್ಲೇ. ಚಕ್ರಕ್ಕೆ ಸಿಗುವ ಎಳೆತ ಅಂದರೆ ಗೇರಿನ ಅನುಪಾತ ಗುಣಿಸು ಕ್ರೌನ್ ಪಿನಿಯನ್ನಿನ ಅನುಪಾತ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಒಳಗಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು ಇದ್ದರೆ ಅನುಪಾತ 4.88. ಮೊದಲ ಗೇರ್ 4 ಅಂತಿಟ್ಟುಕೊಳ್ಳಿ. ಒಟ್ಟು ಹತ್ತೊಂಬತ್ತೂವರೆ ಪಟ್ಟು. ನೀವು ತಂದ ಐದು ಗೇರಿನ ಬಾಕ್ಸಿನ ಮೊದಲ ಗೇರ್ 3.6 ಇದ್ದರೆ ಒಟ್ಟು ಹದಿನೇಳೂವರೆಗೆ ಇಳಿಯಿತು. ಹತ್ತರಲ್ಲಿ ಒಂದು ಪಾಲು ಎಳೆತ ಹೋಯಿತು. ಕಾರವಾರ ಪೇಟೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ತೋಟದ ಕೆಳಗಿನಿಂದ ಒದ್ದೆ ಮಣ್ಣಿನ ಏರಿನಲ್ಲಿ ಗೊಬ್ಬರವೋ ಅಡಿಕೆ ಚೀಲವೋ ಹೇರಿಕೊಂಡು ಮೇಲಿನ ರಸ್ತೆಗೆ ಹತ್ತಿಸುವವನಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಅರ್ಧ ಕ್ಲಚ್ಚಿನಲ್ಲಿ ಹತ್ತಿಸಬೇಕಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಮುಂದಿನ ಮಳೆಗಾಲಕ್ಕೆ ಕ್ಲಚ್ ಪ್ಲೇಟ್ ಮತ್ತೆ ಬದಲಿಸಬೇಕು.

ಈಗ ಇನ್ನೊಂದು ತುದಿ. ಅದೇ 4.88ರ ಗಾಡಿಗೆ 215/75 ಆರ್ 15 ಟೈರ್ ಇದ್ದು ಗಂಟೆಗೆ 70 ಕಿಲೋಮೀಟರ್ ಓಡಿಸಿದರೆ, ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,600 ಸುತ್ತು ತಿರುಗುತ್ತಿರುತ್ತದೆ. ಐದನೇ ಗೇರಿನ ಅನುಪಾತ 0.8 ಇದ್ದರೆ ಅದೇ ವೇಗಕ್ಕೆ 2,050ರ ಆಸುಪಾಸು ಸಾಕು. ಮಾಜಾಳಿಯಿಂದ ಭಟ್ಕಳದವರೆಗೆ 66ನೇ ಹೆದ್ದಾರಿಯಲ್ಲಿ ದಿನಾ ಮೀನು ಸಾಗಿಸುವವನಿಗೆ ಈ 550 ಸುತ್ತು ದೊಡ್ಡ ವಿಷಯ. ಡೀಸೆಲ್ ಉಳಿಯುತ್ತದೆ, ಕಿವಿಗೆ ಆರಾಮ, ಎಂಜಿನ್ನಿಗೂ ಆರಾಮ. ಶಿರಸಿಯಿಂದ ಕುಮಟಾಕ್ಕೆ ಇಳಿದು ಹತ್ತುವವನು ಐದನೇ ಗೇರ್ ಹಾಕುವುದೇ ಕತಗಾಲ ದಾಟಿದ ಮೇಲೆ, ಅದೂ ರಸ್ತೆ ಖಾಲಿ ಇದ್ದರೆ.

ಫೋರ್ ವ್ಹೀಲ್ ಗಾಡಿ ಇರುವವರ ಲೆಕ್ಕ ಬೇರೆ. ಮುಂದಿನ ಚಕ್ರಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಅವರಿಗೆ ಮೊದಲ ಗೇರ್ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.

ಇರುವ ಬಾಕ್ಸನ್ನೇ ಬಿಚ್ಚಿಸುವುದು

ಯಾರಿಗೂ ಇಷ್ಟವಿಲ್ಲದ ಆಯ್ಕೆ, ಯಾಕೆಂದರೆ ಹೊಸದೇನೂ ಸಿಕ್ಕ ಹಾಗೆ ಅನಿಸುವುದಿಲ್ಲ. ಆದರೆ ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಯ ಹೆಚ್ಚಿನ ಗಾಡಿಗಳಿಗೆ ಇದೇ ಸರಿ.

ಬೇರಿಂಗುಗಳು, ಸಿಂಕ್ರೋ ರಿಂಗುಗಳು, ಆಯಿಲ್ ಸೀಲುಗಳು, ಪ್ಯಾಕಿಂಗ್, ಬೇಕಿದ್ದರೆ ಒಂದೆರಡು ಗೇರ್. ಬಾಡಿ ನಿಮ್ಮದೇ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆಯಾಕಾರದ ಭಾಗ) ನಿಮ್ಮದೇ, ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮುಟ್ಟಬೇಕಿಲ್ಲ, ಲಿವರ್ ಇದ್ದ ಜಾಗದಲ್ಲೇ ಇರುತ್ತದೆ. ಅಳತೆಯ ತಕರಾರೇ ಇಲ್ಲ. ಹಳೆಯ ಜೀಪ್ ಮಾದರಿಗಳಲ್ಲಿ ಬಂದ ಕೆಎಂಟಿ 90 ನಾಲ್ಕು ಗೇರಿನ ಬಾಕ್ಸನ್ನು ಕಣ್ಣು ಮುಚ್ಚಿ ಬಿಚ್ಚುವ ಮೆಕ್ಯಾನಿಕ್‌ಗಳು ಶಿರಸಿ, ಯಲ್ಲಾಪುರದಲ್ಲಿ ಇನ್ನೂ ಇದ್ದಾರೆ. ಇಂಥವರು ಇರುವವರೆಗೆ ಈ ಆಯ್ಕೆಗೆ ಬಲ ಇದೆ.

ತೊಂದರೆ ಏನೆಂದರೆ ಬಿಚ್ಚುವವರೆಗೆ ಬಿಲ್ ಎಷ್ಟು ಅಂತ ಯಾರೂ ಹೇಳಲಾರರು. ಎರಡು ರಿಂಗ್, ನಾಲ್ಕು ಬೇರಿಂಗ್ ಅಂತ ಶುರುವಾದದ್ದು ಕೌಂಟರ್ ಶಾಫ್ಟ್ ಪೂರ್ತಿ ಹೋಗಿದೆ ಅಂತ ಮುಗಿಯಬಹುದು. ಅದಕ್ಕೆ ಒಂದು ಗೆರೆ ಹಾಕಿಕೊಳ್ಳಿ. ಬೇರಿಂಗ್, ರಿಂಗ್, ಸೀಲು ಮಾತ್ರವಾದರೆ ಯೋಚನೆಯೇ ಬೇಡ, ಮಾಡಿಸಿ. ಕೌಂಟರ್ ಶಾಫ್ಟ್ ಮತ್ತು ಮೇನ್ ಶಾಫ್ಟ್ ಎರಡೂ ಹೋಗಿದ್ದರೆ, ಅಥವಾ ಬೇರಿಂಗ್ ಕೂರುವ ಬಾಡಿಯ ತೂತೇ ಸವೆದು ದೊಡ್ಡದಾಗಿದ್ದರೆ, ಅಲ್ಲಿಗೆ ನಿಲ್ಲಿಸಿ ಬೇರೆ ಬಾಕ್ಸ್ ಹುಡುಕಿ. ಸವೆದ ಬಾಡಿಗೆ ಹೊಸ ಬೇರಿಂಗ್ ಹಾಕಿ ಸುತ್ತ ಪಂಚ್ ಹೊಡೆದು ಕೂರಿಸಿ ಕೊಡುವವರಿದ್ದಾರೆ, ಅದು ಬಾಳುವುದಿಲ್ಲ.

ಬೇರಿಂಗ್ ಮಾತ್ರ ಒಳ್ಳೆಯ ಬ್ರ್ಯಾಂಡಿನದೇ ತನ್ನಿ, ನೀವೇ ಅಂಗಡಿಗೆ ಹೋಗಿ, ಡಬ್ಬಿ ನೋಡಿ. ಅಲ್ಲಿ ಉಳಿಸಿದ ಹಣಕ್ಕಾಗಿ ಮತ್ತೆ ಬಾಕ್ಸ್ ಇಳಿಸಬೇಕಾಗಿ ಬಂದರೆ ಕೂಲಿ ಎರಡು ಸಲ.

ಗುಜರಿಯ ಅದೇ ಮಾದರಿ ಬಾಕ್ಸ್

ಗಾಡಿ ನಿಂತರೆ ಹೊಟ್ಟೆಪಾಡು ನಿಲ್ಲುವವರಿಗೆ ಇದರ ಆಸೆ ಸಹಜ. ಬೆಳಿಗ್ಗೆ ತಂದು ಸಂಜೆಗೆ ಕೂರಿಸಬಹುದು. ಆದರೆ ಕೊಳ್ಳುತ್ತಿರುವುದು ಇನ್ನೊಬ್ಬನ ಹಳೇ ಬಾಕ್ಸ್ ಅನ್ನುವುದು ನೆನಪಿರಲಿ. ನಿಮ್ಮದು ಹೇಗೆ ಹಾಳಾಯಿತೋ ಅದೂ ಹಾಗೇ ಹಾಳಾಗುತ್ತಾ ಬಂದಿರುತ್ತದೆ, ಎಷ್ಟು ದೂರ ಬಂದಿದೆ ಅನ್ನುವುದಷ್ಟೇ ಪ್ರಶ್ನೆ.

ಅಂಗಡಿಯಲ್ಲಿ ಬಾಕ್ಸ್ ನೆಲದ ಮೇಲೆ ಬಿದ್ದಿರುವಾಗಲೇ ಅರ್ಧ ಗೊತ್ತು ಮಾಡಿಕೊಳ್ಳಬಹುದು. ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತುಸು ಆಟ ಇರುತ್ತದೆ, ಆದರೆ ಕಟಕಟ ಅನ್ನಬಾರದು. ಒಂದೊಂದೇ ಗೇರ್ ಹಾಕಿ ಕೈಯಲ್ಲಿ ತಿರುಗಿಸಿ, ಎಲ್ಲಾದರೂ ತಡೆದು ಬಿಡುತ್ತಿದ್ದರೆ ಹಲ್ಲಿಗೆ ಪೆಟ್ಟಾಗಿದೆ. ಮೇಲಿನ ಮುಚ್ಚಳ ತೆಗೆಸಿ ಅಂತ ಕೇಳಿ. ನಾಲ್ಕೈದು ಬೋಲ್ಟಿನ ಕೆಲಸ. ತೆಗೆಯುವುದಿಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ಒಳಗೆ ಹಲ್ಲುಗಳ ಮೇಲೆ ಸಣ್ಣ ಸಣ್ಣ ಕುಳಿ, ತುಕ್ಕಿನ ಗೆರೆ ಇದ್ದರೆ ಬೇಡ. ಬಾಡಿಗೆ ವೆಲ್ಡಿಂಗ್ ಆಗಿದ್ದರೂ ಬೇಡ. ಹೊರಗೆ ಹೊಸದಾಗಿ ಬಣ್ಣ ಹೊಡೆದ ಬಾಕ್ಸ್ ಕಂಡರೆ ನನಗಂತೂ ಅನುಮಾನ ಜಾಸ್ತಿಯೇ.

ಬೆಲೆ ಮಾತಾಡುವಾಗ ಕೂರಿಸಿ ಓಡಿಸಿ ನೋಡಿ ಸರಿ ಬರದಿದ್ದರೆ ವಾಪಸ್ ಅನ್ನುವ ಮಾತು ತೆಗೆದುಕೊಳ್ಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ತಂದ ಮೇಲೂ ಹಾಗೇ ಕೂರಿಸಬೇಡಿ. ಸೀಲುಗಳನ್ನು ಬದಲಿಸಿ, ಇನ್‌ಪುಟ್ ಬೇರಿಂಗ್ ಬದಲಿಸಿ. ಆಗ ಲೆಕ್ಕ ಹಾಕಿದರೆ ಇದು ನಿಮ್ಮದೇ ಬಾಕ್ಸ್ ರಿಪೇರಿಗಿಂತ ಅಗ್ಗ ಆಗುವುದು ನಿಮ್ಮದರಲ್ಲಿ ಶಾಫ್ಟ್ ಅಥವಾ ಬಾಡಿ ಹೋಗಿದ್ದರೆ ಮಾತ್ರ. ಅಡಿಕೆ ತೋಟದವರು ಇನ್ನೊಂದು ಉಪಾಯ ಮಾಡುತ್ತಾರೆ, ನನಗೆ ಅದು ಇಷ್ಟ: ಗುಜರಿ ಬಾಕ್ಸ್ ಹಾಕಿ ಕೊಯ್ಲು ಮುಗಿಸಿಕೊಂಡು, ಹಳೆಯದನ್ನು ಬಿಡುವಾದಾಗ ನಿಧಾನವಾಗಿ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು. ಜಾಗ ಇದ್ದವರಿಗೆ ಆಗುವ ಮಾತು.

ಐದು ಗೇರಿನ ಬಾಕ್ಸ್

ಇದರ ಬಗ್ಗೆ ಬರೆಯುವುದಕ್ಕೆ ಜಾಸ್ತಿ ಇದೆ, ಯಾಕೆಂದರೆ ಇಲ್ಲಿ ಬಾಕ್ಸಿನ ಬೆಲೆ ಬರೀ ಶುರು.

ಎರಡು ದಾರಿ. ಒಂದು, ಅದೇ ಕಂಪನಿಯ, ನಿಮ್ಮ ಎಂಜಿನ್ನಿನ ಜೊತೆಗೇ ಬೇರೆ ಮಾದರಿಯ ಗಾಡಿಯಲ್ಲಿ ಬಂದಿದ್ದ ಐದು ಗೇರಿನ ಬಾಕ್ಸ್ ಹುಡುಕುವುದು. ಪ್ಯೂಜೊ ಮೂಲದ ಬಿಎ 10, ಬೊಲೆರೊಗಳಲ್ಲಿ ಬಂದ ಎನ್‌ಜಿಟಿ ಸರಣಿ ಇವೆಲ್ಲ ಐದು ಗೇರಿನವು. ಎರಡು, ಯಾವುದೋ ಗಾಡಿಯ ಬಾಕ್ಸ್ ತಂದು ಲೇಥಿನಲ್ಲಿ ಅಡಾಪ್ಟರ್ ಪ್ಲೇಟ್ (ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕೂರುವ ತಟ್ಟೆ) ಮಾಡಿಸಿ ಕೂರಿಸುವುದು. ಮೊದಲ ದಾರಿ ಕಷ್ಟ, ಆದರೆ ಆಗುತ್ತದೆ. ಎರಡನೆಯದನ್ನು ದುಡಿಯುವ ಗಾಡಿಗೆ ನಾನು ಹೇಳುವುದಿಲ್ಲ. ಅಡಾಪ್ಟರ್ ಪ್ಲೇಟಿನ ನಡುವಿನ ತೂತು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ನಡುಗೆರೆಗೆ ಸರಿಯಾಗಿ ಬರಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಲೆಕ್ಕ ಅದು, ಡಯಲ್ ಗೇಜ್ ಇಟ್ಟು ನೋಡಬೇಕು, ಕಣ್ಣಳತೆಗೆ ಸಿಗುವುದಿಲ್ಲ. ತಪ್ಪಿದರೆ ಇನ್‌ಪುಟ್ ಬೇರಿಂಗ್, ಪೈಲಟ್ ಬೇರಿಂಗ್, ಕ್ಲಚ್ ಪ್ಲೇಟಿನ ನಡುಭಾಗ ಒಂದಾದ ಮೇಲೊಂದು ಹೋಗುತ್ತವೆ, ಯಾಕೆ ಹೋಗುತ್ತಿವೆ ಅಂತ ಯಾರಿಗೂ ತಿಳಿಯುವುದಿಲ್ಲ.

ಮೊದಲ ದಾರಿ ಹಿಡಿದರೂ ಅಳೆಯಬೇಕಾದದ್ದು ಬಹಳ. ಇನ್‌ಪುಟ್ ಶಾಫ್ಟಿನ ಉದ್ದ, ಅದರ ಮೇಲಿನ ಗೀರುಗಳ ಲೆಕ್ಕ (ಕ್ಲಚ್ ಪ್ಲೇಟ್ ಕೂರುವುದು ಅದರ ಮೇಲೆ), ಶಾಫ್ಟಿನ ತುದಿ ಫ್ಲೈವ್ಹೀಲಿನ ಪೈಲಟ್ ಬೇರಿಂಗಿಗೆ ಹೊಂದುತ್ತದೆಯಾ, ಬೆಲ್ ಹೌಸಿಂಗಿನ ಬೋಲ್ಟಿನ ಜಾಗ ಎಂಜಿನ್ನಿಗೆ ಕೂರುತ್ತದೆಯಾ. ಇಷ್ಟು ಸರಿಯಾದರೆ ಮುಂಭಾಗ ಮುಗಿಯಿತು. ಹಿಂದೆ ಬನ್ನಿ. ಐದು ಗೇರಿನ ಬಾಕ್ಸ್ ಸಾಮಾನ್ಯವಾಗಿ ಉದ್ದ. ಹಾಗಾಗಿ ಅಡಿಯ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಸರಿಸಿ ಮೌಂಟಿಂಗ್ ಹೊಸದಾಗಿ ಮಾಡಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಬೇಕು. ಕತ್ತರಿಸಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಲೇಬೇಕು, ಎರಡೂ ತುದಿಯ ಯೋಕ್ (ಜಾಯಿಂಟ್ ಕೂರುವ ಕವಲು) ಒಂದೇ ಗೆರೆಯಲ್ಲಿ ಇರಬೇಕು. ಇದನ್ನು ಬಿಟ್ಟ ಗಾಡಿಗಳು 60 ದಾಟಿದ ಕೂಡಲೇ ನಡುಗುತ್ತವೆ, ಬೈಗುಳ ಮಾತ್ರ ಹೊಸ ಬಾಕ್ಸಿಗೆ ಬೀಳುತ್ತದೆ.

ಲಿವರ್ ಹಿಂದಕ್ಕೆ ಬರುತ್ತದೆ. ಫ್ಲೋರ್ ಕತ್ತರಿಸಬೇಕು. ಬೆಂಚ್ ಸೀಟಿನ ಗಾಡಿಯಲ್ಲಿ ಎರಡನೇ ಗೇರ್ ಹಾಕಿದರೆ ಲಿವರ್ ಸೀಟಿಗೆ ತಾಗುತ್ತದೆಯಾ ಅಂತ ಫ್ಲೋರ್ ಮುಚ್ಚುವ ಮೊದಲೇ ಕೂತು ನೋಡಿ. ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ಸ್ವಿಚ್ ಇವೆಲ್ಲ ಸಣ್ಣವು, ಆದರೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಹೋದಾಗ ಬೇಕು. ಕೆಲವು ಹಳೆಯ ಜೀಪ್ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಮೇಲೆ ಇರುತ್ತದೆ. ಬಾಕ್ಸ್ ಬದಲಿಸುವಾಗ ಟ್ರಾನ್ಸ್‌ಫರ್ ಕೇಸೂ ಕಿತ್ತು ಹೋದರೆ ಗಾಡಿಗೆ ಹ್ಯಾಂಡ್‌ಬ್ರೇಕೇ ಇಲ್ಲ. ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಆದ್ದರಿಂದ ಬಾಕ್ಸ್ ಕೊಳ್ಳುವಾಗ ಸೆಟ್ಟಾಗಿ ಕೇಳಿ. ಬೆಲ್ ಹೌಸಿಂಗ್, ಕ್ಲಚ್ ಫೋರ್ಕ್, ಮೌಂಟಿಂಗ್, ಲಿವರ್, ಹಿಂದಿನ ಯೋಕ್, ಸಾಧ್ಯವಾದರೆ ಆ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ ಕೂಡ. ಬಿಡಿ ಬಿಡಿಯಾಗಿ ಆಮೇಲೆ ಹುಡುಕಲು ಹೊರಟರೆ ಹುಬ್ಬಳ್ಳಿಗೆ ಓಡಾಡಿಯೇ ಸಾಕಾಗುತ್ತದೆ. ಬಜೆಟ್ ಹಾಕುವಾಗ ಬಾಕ್ಸಿಗೆ ಎಷ್ಟೋ ಅಷ್ಟೇ ಹಣ ಸುತ್ತಲಿನ ಕೆಲಸಕ್ಕೂ ತೆಗೆದಿಡಿ. ಅಷ್ಟು ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅರ್ಧಕ್ಕೆ ನಿಂತ ಗಾಡಿಯನ್ನು ಕೊಳ್ಳುವವರೂ ಇರುವುದಿಲ್ಲ.

ಬಾಕ್ಸಿನ ತಾಕತ್ತೂ ನೋಡಬೇಕು. ಡೀಸೆಲ್ ಎಂಜಿನ್ನಿನ ತಿರುಚು ಬಲ ಕೆಳಗಿನ ಸುತ್ತಿನಲ್ಲೇ ಜೋರು. ಹಗುರ ಗಾಡಿಯ, ಅದರಲ್ಲೂ ಪೆಟ್ರೋಲ್ ಗಾಡಿಯ ಬಾಕ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅರಬೈಲ್ ಘಟ್ಟದಲ್ಲಿ ಒಂದು ದಿನ ಹಲ್ಲು ಉದುರುತ್ತದೆ. ಇನ್ನು ಐದನೇ ಗೇರಿನಲ್ಲಿ ಲೋಡು ಎಳೆಯುವ ಚಟ ಬೇಡ. ಎಂಜಿನ್ ಗುಡುಗುಡು ಅನ್ನುತ್ತಿದ್ದರೂ ಮೈಲೇಜ್ ಆಸೆಗೆ ಐದರಲ್ಲೇ ಏರು ಹತ್ತಿಸುವವರು ಬಾಕ್ಸನ್ನೂ ಎಂಜಿನ್ನನ್ನೂ ಒಟ್ಟಿಗೆ ಕೊಲ್ಲುತ್ತಾರೆ.

ಬಾಕ್ಸ್ ಮುಟ್ಟದೆ ಬರೀ ಕ್ರೌನ್ ಪಿನಿಯನ್ ಬದಲಿಸಿ ಹೆದ್ದಾರಿಗೆ ಹೊಂದಿಸುವ ಪದ್ಧತಿಯೂ ಇದೆ. 4.88 ಇದ್ದದ್ದನ್ನು 4.1 ಮಾಡಿದರೆ ಎಂಜಿನ್ ಸುತ್ತು ಕಡಿಮೆಯಾಗುತ್ತದೆ, ನಿಜ. ಆದರೆ ಎಲ್ಲ ಗೇರಿನಲ್ಲೂ ಶೇಕಡಾ 16ರಷ್ಟು ಎಳೆತ ಹೋಗುತ್ತದೆ. ಕರಾವಳಿ ಬಿಟ್ಟು ಮೇಲೆ ಹತ್ತದ ಗಾಡಿಗೆ ಸರಿ, ಬೇರೆಯವರಿಗೆ ಬೇಡ. ಫೋರ್ ವ್ಹೀಲ್ ಇದ್ದರೆ ಮುಂದಿನದ್ದೂ ಬದಲಿಸಬೇಕು, ಮರೆಯಬೇಡಿ.

ಎಂಜಿನ್ ಸಮೇತ ಬದಲಿಸಿದರೆ?

ಎಂಜಿನ್ನೂ ಬಾಕ್ಸೂ ಒಟ್ಟಿಗೆ ಇಳಿಸಿದ ಸೆಟ್ ಸಿಗುತ್ತದೆ, ಹೊಂದಾಣಿಕೆಯ ತಲೆನೋವು ಕಡಿಮೆ. ಆದರೆ ಕಾಗದದ ತಲೆನೋವು ಶುರು. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಇರುತ್ತದೆ. ಗೇರ್‌ಬಾಕ್ಸ್ ನಂಬರ್ ಇರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಎಂಜಿನ್ ಮುಟ್ಟುವುದಾದರೆ ಕೆಎ 30 ಗಾಡಿಯವರು ಕಾರವಾರ, ಕೆಎ 31ರವರು ಶಿರಸಿ, ಕೆಎ 47ರವರು ಹೊನ್ನಾವರದ ಆರ್‌ಟಿಒ ಕಚೇರಿಗೆ ಮೊದಲು ಹೋಗಿ ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಕೆಲಸ ಮುಗಿಸಿ ಆಮೇಲೆ ಕೇಳುತ್ತೇನೆ ಅಂದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಬಾಕ್ಸ್ ಮಾತ್ರ ಬದಲಿಸುವವರೂ ಖರೀದಿ ಬಿಲ್ ಇಟ್ಟುಕೊಳ್ಳಿ, ಕದ್ದ ಮಾಲು ಅನ್ನುವ ಮಾತು ಬಂದರೆ ಅದೇ ಆಧಾರ. ಐದು ಗೇರಿಗೆ ಬದಲಿಸಿದ್ದರೆ ವಿಮೆಯವರಿಗೂ ಒಂದು ಪತ್ರ ಕೊಟ್ಟಿಡಿ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಇದೆಯಲ್ಲ, ವೆಲ್ಡಿಂಗ್ ಆದ ಕ್ರಾಸ್ ಮೆಂಬರ್ ನೀಟಾಗಿ ಇರಲಿ.

ಹಾಗಾದರೆ ಯಾರಿಗೆ ಯಾವುದು

ತೋಟದ ಗಾಡಿ, ವರ್ಷಕ್ಕೆ ಓಟ ಕಡಿಮೆ, ಏರು ಜಾಸ್ತಿ: ಇರುವುದನ್ನೇ ಬಿಚ್ಚಿಸಿ. ಸಿದ್ದಾಪುರ, ಶಿರಸಿ, ಜೋಯಿಡಾ ಕಡೆಯವರಿಗೆ ಇದರ ಬಗ್ಗೆ ಎರಡು ಮಾತಿಲ್ಲ. ಕೈಯಲ್ಲಿ ಹಣ ಜಾಸ್ತಿ ಇದ್ದರೆ ಅದನ್ನು ಐದನೇ ಗೇರಿಗೆ ಹಾಕುವ ಬದಲು ಬ್ರೇಕಿಗೆ ಹಾಕಿ.

ಬೈತಖೋಲದಿಂದಲೋ ತದಡಿಯಿಂದಲೋ ಮೀನು, ಐಸು ಹೊತ್ತು ಗೋವಾ ಕಡೆಗೆ ಅಥವಾ ಭಟ್ಕಳ ಕಡೆಗೆ ದಿನಾ ಓಡುವವರಿಗೆ ಐದು ಗೇರ್ ಸರಿಹೊಂದುತ್ತದೆ, ಎಂಜಿನ್ ಗಟ್ಟಿ ಇದ್ದು ಗಾಡಿಯನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳುವುದಾದರೆ. ಆದರೆ ಇವರು ಮೊದಲು ಗಾಡಿಯ ಅಡಿ ನೋಡಬೇಕು. ಉಪ್ಪುನೀರು ಸೋರಿ ಸೋರಿ ಚಾಸಿಯ ಒಳಮೈ, ಕ್ರಾಸ್ ಮೆಂಬರ್ ತಿಂದುಹೋಗಿರುತ್ತದೆ. ಸುತ್ತಿಗೆಯಲ್ಲಿ ತಟ್ಟಿ ನೋಡಿ, ಮಂದ ಸದ್ದು ಬಂದರೆ ಆ ಗಾಡಿಗೆ ಹೊಸ ಬಾಕ್ಸ್ ಹಾಕುವುದರಲ್ಲಿ ಅರ್ಥವಿಲ್ಲ, ಗುಜರಿ ಬಾಕ್ಸ್ ಹಾಕಿ ಓಡುವಷ್ಟು ಓಡಿಸಿ. ಅಲ್ಯುಮಿನಿಯಂ ಬಾಡಿಯ ಬಾಕ್ಸಿಗೆ ಉಕ್ಕಿನ ಬೋಲ್ಟು ಹಾಕುವಾಗ ಗ್ರೀಸ್ ಸವರಿ ಹಾಕಿಸಿ. ಉಪ್ಪುಗಾಳಿಗೆ ಅವೆರಡೂ ಕಚ್ಚಿಕೊಂಡು, ಮುಂದೆ ಬಿಚ್ಚುವಾಗ ಬೋಲ್ಟಿನ ಜೊತೆ ಬಾಡಿಯ ಥ್ರೆಡ್ಡೂ ಕಿತ್ತು ಬರುತ್ತದೆ.

ಘಟ್ಟವೂ ಹೌದು ಹೆದ್ದಾರಿಯೂ ಹೌದು ಅನ್ನುವವರದೇ ಕಷ್ಟ. ಅಂಕೋಲಾದಿಂದ ಅರಬೈಲ್ ಹತ್ತಿ ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ತೆಂಗಿನಕಾಯಿ ಸಾಗಿಸುವವರು ಅರ್ಧ ದಿನ ಎರಡನೇ ಗೇರಿನಲ್ಲಿ, ಉಳಿದರ್ಧ ಬಯಲಿನಲ್ಲಿ. ಇವರು ಐದು ಗೇರ್ ಹಾಕುವುದಾದರೆ ಮೊದಲ ಗೇರಿನ ಅನುಪಾತ ತಮ್ಮ ಹಳೆಯದಕ್ಕಿಂತ ಕಡಿಮೆ ಇಲ್ಲದ ಬಾಕ್ಸನ್ನೇ ಹುಡುಕಬೇಕು. ಅಂಗಡಿಯಲ್ಲೇ ಲೆಕ್ಕ ಸಿಗುತ್ತದೆ. ಮೊದಲ ಗೇರ್ ಹಾಕಿ, ಹಿಂದಿನ ಯೋಕ್ ಒಂದು ಸುತ್ತು ತಿರುಗಿಸಿ, ಇನ್‌ಪುಟ್ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಣಿಸಿ. ಸುಣ್ಣದಲ್ಲಿ ಒಂದು ಗೆರೆ ಎಳೆದುಕೊಂಡರೆ ಸಾಕು. ಅಂಥದ್ದು ಸಿಗದಿದ್ದರೆ ನಾಲ್ಕರಲ್ಲೇ ಇರಿ, ಬಯಲಿನಲ್ಲಿ ಸ್ವಲ್ಪ ನಿಧಾನ ಹೋದರಾಯಿತು ಅಲ್ವಾ.

ಕೈ ಬಿಗಿ ಇದ್ದು ಗಾಡಿಯನ್ನು ಒಂದೆರಡು ವರ್ಷದಲ್ಲಿ ಮಾರುವ ಯೋಚನೆ ಇದ್ದವರು ಗುಜರಿಗೆ ಹೋಗಿ. ಐದು ಗೇರ್ ಹಾಕಿಸಿದ್ದೇನೆ ಅಂತ ಮಾರುವಾಗ ಹಾಕಿದಷ್ಟು ಬೆಲೆ ಯಾರೂ ಕೊಡುವುದಿಲ್ಲ.

ಯಾವುದೇ ಆಯ್ಕೆಯಾಗಲಿ, ಬಾಕ್ಸ್ ಇಳಿದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ನಾಲ್ಕನ್ನೂ ನೋಡಿ ಬದಲಿಸಿ, ಇಳಿಸಿ ಹತ್ತಿಸುವ ಕೂಲಿ ಹೇಗೂ ಕೊಟ್ಟಾಗಿದೆ. ಮೀನಿನ ಗಾಡಿಯವರು ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ ಎರಡು ತಿಂಗಳಲ್ಲೇ ಇದನ್ನು ಮುಗಿಸಿಕೊಳ್ಳಬಹುದು. ಅಡಿಕೆಯವರು ಕೊಯ್ಲಿನ ಮುಂಚೆ, ನವೆಂಬರಿಗೆ ಗಾಡಿ ಕೈಗೆ ಬರುವಂತೆ ಗ್ಯಾರೇಜಿನವರ ಹತ್ತಿರ ಮೊದಲೇ ದಿನ ಹೇಳಿಸಿಕೊಳ್ಳಿ. ಎಣ್ಣೆ ಹಾಕುವಾಗ ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಒಂದೇ ಡಬ್ಬಿಯಿಂದ ಸುರಿಯಲು ಬಿಡಬೇಡಿ. ಹಿತ್ತಾಳೆ ಸಿಂಕ್ರೋ ರಿಂಗ್ ಇರುವ ಬಾಕ್ಸಿಗೆ ಜಿಎಲ್ 4 ದರ್ಜೆಯದು ಬೇಕು, ಡಿಫರೆನ್ಷಿಯಲ್‌ಗೆ ಜಿಎಲ್ 5. ಜಿಎಲ್ 5ರಲ್ಲಿ ಸೇರಿಸುವ ಗಂಧಕ, ರಂಜಕದ ಅಂಶ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತದೆ. ಹೊಸ ರಿಂಗ್, ಬೇರಿಂಗ್ ಹಾಕಿದ ಬಾಕ್ಸಿನ ಮೊದಲ ಎಣ್ಣೆಯನ್ನು ಸಾವಿರ ಕಿಲೋಮೀಟರಿನ ಒಳಗೆ ಇಳಿಸಿ, ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ನುಣ್ಣನೆಯ ಪುಡಿ ಇದ್ದರೆ ಹೆದರಬೇಕಿಲ್ಲ. ಉಗುರಿಗೆ ಸಿಗುವ ಚೂರು ಇದ್ದರೆ ಹಾಕಿದವರ ಹತ್ತಿರ ಅವತ್ತೇ ವಾಪಸ್ ಹೋಗಿ.